ನಾನು ಬೇಡವೆಂದ ಕೆಲಸ

ಡಿಗ್ರಿ ಮುಗಿಸಿದ ಮಗಳು ಹದಿನೇಳು ಅರ್ಜಿ ತುಂಬಿದ್ದಳು. ಅವಳ ಫೋನ್ ರಿಪೇರಿಗೆ ಹೋಗಿದ್ದರಿಂದ ಕೊನೆಯ ಸಂದರ್ಶನದಲ್ಲಿ ನನ್ನ ನಂಬರ್ ಕೊಟ್ಟು, ನನಗೆ ಹೇಳಲು ಮರೆತಿದ್ದಳು.

ಪಾತ್ರೆ ತೊಳೆಯುವಾಗ ಕರೆ ಬಂತು. "ನಮ್ಮ ಕಂಪನಿಯಿಂದ ಒಂದು ಒಳ್ಳೇ ಅವಕಾಶ..."

"ಬೇಡಪ್ಪಾ, ಇನ್ಶೂರೆನ್ಸು, ಸೈಟು ಯಾವುದೂ ಬೇಡ!" ಎಂದು ಇಟ್ಟುಬಿಟ್ಟೆ.

ನಂಬರ್ ನೋಡಿದ ಮಗಳು ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ ಅಮ್ಮಾ, ಅದು ನಂಗೆ ಬಂದ ಕೆಲಸ ಕಣೇ!"

ಸೋಪಿನ ಕೈಯಲ್ಲೇ ಮತ್ತೆ ಕರೆ ಮಾಡಿದೆ. "ಸಾರ್, ಬೇಡ ಅಂದಿದ್ದು ನಾನು, ನನ್ನ ಮಗಳಲ್ಲ."

ಆ ಕಡೆಯವರು ನಕ್ಕರು. "ಗ್ರಾಹಕರ ದೂರು ಕೇಳೋ ಕೆಲಸ ಅಮ್ಮಾ. ನಿಮ್ಮ ಮಗಳು ನಿಮ್ಮ ಹಾಗೆ ಪಟಕ್ಕಂತ ಫೋನ್ ಇಡದಿದ್ರೆ ಸಾಕು. ಸೋಮವಾರ ಬರಲಿ."

ಮಗಳು ನನ್ನನ್ನು ತಬ್ಬಿ ಗಿರ್ರನೆ ತಿರುಗಿಸಿದಳು. ನೆಲಕ್ಕೆ ಚೆಲ್ಲಿದ ಸೋಪಿನ ನೀರನ್ನು ಒರೆಸಿದ್ದೂ ಅವಳೇ.