ಅವ್ವನ ಹಿಡಿ

ಮಂಡಿಪೇಟೆಯ ಬೆಲ್ಲದ ವ್ಯಾಪಾರಿ ಕೊಟ್ಟೂರೇಶನ ಗಂಟಲಲ್ಲಿ ಅರ್ಧ ದಾವಣಗೆರೆ ಬಾಡಿಗೆಗಿತ್ತು. ಹರಿಹರದ ಬಸ್ಸಿನ ಕಂಡಕ್ಟರು, ಹರಾಜು ಕೂಗುವ ದಲಾಲಿ, ಕಾಲೇಜಿನಲ್ಲಿ ಮೂಗಿನಿಂದಲೇ ಪಾಠ ಮಾಡುತ್ತಿದ್ದ ಮೇಷ್ಟ್ರು, ಯಾರು ಬೇಕೆಂದರೂ ಒಳಗಿಂದ ಕರೆದು ನಿಲ್ಲಿಸುತ್ತಿದ್ದ. ಬಿ.ಕಾಂ. ಓದಿದ್ದಕ್ಕೆ ಸಿಕ್ಕ ಲಾಭ ಆ ಮೇಷ್ಟ್ರ ಮೂಗೊಂದೇ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಗಿರಾಕಿಗಳು ಬೆಲ್ಲಕ್ಕೆ ಬರುತ್ತಿದ್ದರೋ ಬೆಲ್ಲದಂಥ ಮಾತಿಗೆ ಬರುತ್ತಿದ್ದರೋ, ಅಂಗಡಿಯ ಇರುವೆಗಳಿಗೂ ಗೊತ್ತಿರಲಿಲ್ಲ.

ಆದರೆ ಜನ ಮತ್ತೆ ಮತ್ತೆ ಬೇಡಿ ಕೇಳುತ್ತಿದ್ದುದು ಒಂದೇ ದನಿ, ಹೋದ ವರ್ಷ ತೀರಿಕೊಂಡ ಅವನ ತಾಯಿ ಶಕುಂತಲಮ್ಮನದು. ಇಲ್ಲದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಸಣ್ಣಗೆ ಕೆಮ್ಮಿ, "ಇಎಂಐ ಅಂದ್ರೆ ಎಮ್ಮೆ ಕಣಪ್ಪ. ಆದ್ರೆ ಈ ಎಮ್ಮೆ ನಮ್ಮನ್ನ ಹಿಂಡ್ತೈತೆ" ಎಂದನೆಂದರೆ ಮದುವೆಮನೆಯ ಪಂಕ್ತಿಯೇ ಎಲೆ ಬಿಟ್ಟು ನಗುತ್ತಿತ್ತು. "ಉಳಿತಾಯ ಅಂದ್ರೆ ಏನು ಗೊತ್ತೇನು, ಉಳಿದ ತಾಯಿ" ಎಂದು ಮೇಲೊಂದು ಒಗ್ಗರಣೆ ಬೇರೆ.

ಹೆಂಡತಿ ಸಹನಾ ಮಾತ್ರ ನಗುತ್ತಿರಲಿಲ್ಲ. "ಹೋದೋರ ದನಿ ಹಂಗೆ ಕಂಡಕಂಡಲ್ಲಿ ಚೆಲ್ಲಬ್ಯಾಡ್ರಿ. ಯಾರೋ ಕರೆದ್ರು ಅಂತ ಎದ್ದು ಬಂದ್ರೆ ಏನ್ ಮಾಡ್ತೀರಿ?"

"ಬಂದ್ರೆ ಬರ್ಲಿ ಬಿಡು. ಅಡಿಗಿಗೆ ನಿನಗೂ ಒಂದು ಕೈ ಆಗ್ತೈತೆ."

ಶಕುಂತಲಮ್ಮನಿಗೆ ಒಂದು ಪದ್ಧತಿಯಿತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಲ್ಲೇ ಒಂದು ಹಿಡಿ ವಾಪಸು ತೆಗೆದು ಒಲೆಯ ಪಕ್ಕದ ತಾಮ್ರದ ಗಡಿಗೆಗೆ ಹಾಕುವುದು. ವರ್ಷಕ್ಕೊಮ್ಮೆ ಆ ಅಕ್ಕಿ ಮಠದ ದಾಸೋಹಕ್ಕೆ ಹೋಗುತ್ತಿತ್ತು. ಸುತ್ತಮುತ್ತಲ ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ. ಆಕೆ ಮಾತ್ರ ದುಡ್ಡಿಗೂ ಅದೇ ಕೈಯನ್ನು ಬಳಸಿದರು. ಗಂಡ ಬಕ್ಕೇಶಪ್ಪ ಅಂಗಡಿಯಿಂದ ತಂದದ್ದರಲ್ಲಿ ಮೊದಲು ಹಿಡಿ ಎತ್ತಿಡಬೇಕು, ಆಮೇಲೆ ಎಣ್ಣೆ, ಕಾಯಿಪಲ್ಲೆ, ಹಬ್ಬ. ವ್ಯಾಪಾರ ಬಿದ್ದ ದಿನ ಹಿಡಿ ಸಣ್ಣದಾಗುತ್ತಿತ್ತು, ಇಲ್ಲವಾಗುತ್ತಿರಲಿಲ್ಲ. "ಖರ್ಚಾಗಿ ಉಳಿದಿದ್ದು ಇಡ್ತೀನಿ ಅಂದೋರು ಯಾರೂ ಇಟ್ಟಿಲ್ಲ. ಇಟ್ಟು ಉಳಿದಿದ್ದು ಖರ್ಚು ಮಾಡ್ಬೇಕು" ಎನ್ನುವುದು ಆಕೆಯ ಮಾತು. ಹಾಗೆ ಹನಿಗೂಡಿದ್ದು ಬ್ಯಾಂಕಿನಲ್ಲಿ ಗಂಡಹೆಂಡಿರಿಬ್ಬರ ಹೆಸರಿನ ಠೇವಣಿಯಾಗಿ, ಮೊಮ್ಮಗಳು ತನುಶ್ರೀಯ ಓದಿಗೆಂದು ಕೂತಿತ್ತು. ಹುಡುಗಿ ಈಗ ಎರಡನೇ ಪಿಯುಸಿ. ಬೇಸಿಗೆ ಕಳೆದರೆ ದೊಡ್ಡ ಕಾಲೇಜಿನ ಫೀಜು ಕಟ್ಟಬೇಕು.

ಆಕೆ ಹೋದ ಮೇಲೆ ಅಕ್ಕಿ ಅಳೆಯುವ ಕೆಲಸ ಕುಕ್ಕರಿನ ಲೋಟಕ್ಕೆ ಬಂತು. ಗಡಿಗೆ ಬೋರಲಾಗಿ ಅಟ್ಟ ಸೇರಿತು.

ಆಗ ಬಂದವನು ಯೋಗರಾಜ್, ಕೊಟ್ಟೂರೇಶನ ಕಾಲೇಜು ದಿನಗಳ ಗೆಳೆಯ. ಹರಿಹರದ ಸ್ಟೇಷನ್ನಿನ ಹತ್ತಿರ ಹೊಸದಾಗಿ ಆಫೀಸು ತೆಗೆದಿದ್ದ. ಅಲ್ಲಿಗೆ ಕರೆಸಿಕೊಂಡು, ಮಂಡಕ್ಕಿ ಮಿರ್ಚಿ ತರಿಸಿ, ಮೆಕ್ಕೆಜೋಳ ದಾಸ್ತಾನು ಮಾಡಿ ರೇಟು ಏರಿದಾಗ ಮಾರುವ ಬಾಬತ್ತು ಬಿಚ್ಚಿದ.

"ಆರು ತಿಂಗಳಿಗೆ ಡಬಲ್ ಕಣೋ."

"ಚೀಟಿ ಅಲ್ಲ ತಾನೆ?"

"ಚೀಟಿಯೋರು ಚೀಟ್ ಮಾಡ್ತಾರೆ. ನಂದು ಕಣ್ಣಿಗೆ ಕಾಣೋ ಮಾಲು. ಶನಿವಾರದೊಳಗೆ ತಂದ್ರೆ ಪಾಲು, ಇಲ್ಲಾಂದ್ರೆ ಬ್ಯಾರೆಯೋರು ಕಾಯಾಕತ್ತಾರೆ."

ಕಣ್ಣಿಗೆ ಕಾಣುವ ಮಾಲನ್ನು ಕೊಟ್ಟೂರೇಶ ನೋಡಲಿಲ್ಲ, ಯೋಗರಾಜನೂ ತೋರಿಸಲಿಲ್ಲ. ವಾಪಸು ಬರುವಾಗ ಬಸ್ಸು ಹರಿಹರ ದಾಟುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಮಗಳ ಫೀಜು ಕಟ್ಟಿಯಾಗಿತ್ತು, ಮನೆಮುಂದೆ ಕಾರೂ ಬಂದು ನಿಂತಿತ್ತು. ಬೇಕಿದ್ದದ್ದು ಅಪ್ಪನ ಒಂದು ಸಹಿ.

ಬಕ್ಕೇಶಪ್ಪನ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಪಡಸಾಲೆಯ ಮಂಚದ ಮೇಲೆ ಕೂತು ಅಡಿಗೆಮನೆಯ ಕಡೆ ಮುಖ ಮಾಡಿ ಏನೋ ಹೇಳುವುದು, ಉತ್ತರಕ್ಕೆ ಕಾಯುವುದು, ತಲೆ ಆಡಿಸುವುದು. ಮನೆಯವರು ರೂಢಿ ಮಾಡಿಕೊಂಡಿದ್ದರು.

"ಅಪ್ಪಾಜಿ, ಠೇವಣಿ ಮುರಿಸೋಕೆ ಒಂದು ಸಹಿ ಬೇಕಿತ್ತು."

"ಅವಳ್ನ ಕೇಳ್ಬೇಕಪ್ಪ."

"ಯಾರ್ನ?"

"ಇನ್ಯಾರ್ನ. ನಿಮ್ಮವ್ವನ್ನ."

ಇನ್ನೊಬ್ಬನಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಕೊಟ್ಟೂರೇಶ ಮುಗುಳ್ನಕ್ಕ. ಕೇಳಬೇಕಾದವಳು ಅವನ ಗಂಟಲಲ್ಲೇ ಇದ್ದಳಲ್ಲ.

ಶುಕ್ರವಾರ ಸಹನಾ ಮಗಳನ್ನು ಕರೆದುಕೊಂಡು ಆನೆಕೊಂಡಕ್ಕೆ, ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಳು. ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ಬೀದಿಯಲ್ಲಿ ಮೂಟೆ ಹೊರುವ ಹಮಾಲರ ಕೂಗೂ ಯಾಕೋ ನಿಂತಿತು. ಕೊಟ್ಟೂರೇಶ ಹಿಂಬಾಗಿಲಿನಿಂದ ಅಡಿಗೆಮನೆ ಹೊಕ್ಕು, ಹೆಂಡತಿಯ ಎರಡು ಬಳೆ ಕೈಗೇರಿಸಿ, ಕದದ ಮರೆಯಲ್ಲಿ ನಿಂತು ಸಣ್ಣಗೆ ಕೆಮ್ಮಿದ.

"ಏನ್ರೀ."

"ಬಂದ್ಯಾ?" ಎಂದ ಬಕ್ಕೇಶಪ್ಪ. ದನಿಯಲ್ಲಿ ಬೆರಗೇ ಇರಲಿಲ್ಲ. ಪೇಟೆಗೆ ಹೋದವಳು ಮರಳಿ ಬಂದಂತೆ ಕೇಳಿದ್ದು.

"ಕೊಟ್ರೇಶಿ ಏನೋ ಸಹಿ ಕೇಳ್ತಿದ್ನಲ್ರೀ. ಹಾಕಿ ಕೊಟ್ಟುಬಿಡ್ರಿ."

ಬಕ್ಕೇಶಪ್ಪ ಕದದ ಕಡೆ ಕಿವಿಯಿಟ್ಟ. "ಹಿಡಿ ತೆಗೆದ್ಯಾ?"

ಕೊಟ್ಟೂರೇಶ ತಬ್ಬಿಬ್ಬಾದ.

"ಹಿಡಿ ತೆಗೀದೆ ನೀನು ಯಾವತ್ತೂ ಖರ್ಚಿನ ಮಾತು ಎತ್ತಿದೋಳಲ್ಲ. ಮೊದ್ಲು ತೆಗಿ. ಸಪ್ಪಳ ಕೇಳ್ಲಿ."

ಸರಿ, ನಾಟಕ ಅಂದ ಮೇಲೆ ಪೂರ್ತಿ ಆಡಬೇಕು. ಅರೆಗತ್ತಲಲ್ಲಿ ಅಕ್ಕಿಡಬ್ಬಿಯ ಮುಚ್ಚಳ ತೆಗೆದು ಕೈ ಇಳಿಬಿಟ್ಟ. ಬಳೆ ಸದ್ದಾಯಿತು. ಹಿಡಿ ತುಂಬಿ ಎತ್ತಿ, ಎಲ್ಲಿ ಹಾಕುವುದೆಂದು ತಿರುಗಿದರೆ ಒಲೆಯ ಪಕ್ಕ ತಾಮ್ರದ ಗಡಿಗೆ ನೆಟ್ಟಗೆ ಕೂತಿತ್ತು. ಅಟ್ಟದಲ್ಲಿ ಬೋರಲಾಗಿದ್ದದ್ದು. ಧೂಳಿಲ್ಲ, ಹುಣಸೆಹಣ್ಣಿನಿಂದ ತಿಕ್ಕಿದ ಹೊಳಪು. ಬಗ್ಗಿ ನೋಡಿದ. ಕಂಠದವರೆಗೆ ಅಕ್ಕಿ.

ಹಿಡಿ ಬಿಡಲು ಹೋದ. ಬೆರಳು ಬಿಚ್ಚಲಿಲ್ಲ. ಇನ್ನೊಂದು ಕೈಯಿಂದ ಕಿತ್ತು ನೋಡಿದ, ಬರಲಿಲ್ಲ. ನೋವೇನೂ ಇರಲಿಲ್ಲ. ಸಣ್ಣವನಿದ್ದಾಗ ಸಂತೆಯ ನೂಕುನುಗ್ಗಲಲ್ಲಿ ಯಾರೋ ಹೀಗೆಯೇ ಅವನ ಮುಷ್ಟಿಯನ್ನು ತಮ್ಮ ಅಂಗೈಯೊಳಗೆ ಮುಚ್ಚಿ ಹಿಡಿದುಕೊಳ್ಳುತ್ತಿದ್ದರು. ಅದೇ ಬಿಗಿ, ಅದೇ ಒರಟು ಚರ್ಮ.

"ತೆಗೆದ್ಯೇನು?" ಎಂದ ಬಕ್ಕೇಶಪ್ಪ.

ತೆಗೆದೆ, ಸಹಿ ಹಾಕ್ರಿ, ಎನ್ನಲು ಕೊಟ್ಟೂರೇಶ ಬಾಯಿ ತೆರೆದ. ಬಾಯಿ ಅವನದೇ, ಉಸಿರೂ ಅವನದೇ.

"ಹಾಕಬ್ಯಾಡ್ರಿ," ಎಂದಿತು ದನಿ. "ಅದು ಕೂಸಿನ ಓದಿಂದು. ಮುಂದಿನೋರ ಹಿಡಿಗೆ ನಾವು ಕೈ ಹಾಕಬಾರ್ದು. ಆಡೋದಿದ್ರೆ ಅವ್ನು ದುಡಿದು ತನ್ನ ಪಾಲಿಂದ ಜೂಜಾಡ್ಲಿ."

ಅವನು ಎಂದೂ ಹಾಕಿರದ ಒಂದು ಏರಿಳಿತ ಅದರಲ್ಲಿತ್ತು, ಕೊನೆಯ ದಿನಗಳ ಏದುಸಿರು. ಆಸ್ಪತ್ರೆಯಲ್ಲಿ ಕೇಳಿದ್ದ. ಅದನ್ನು ಅನುಕರಿಸುವ ಧೈರ್ಯ ಯಾವತ್ತೂ ಮಾಡಿರಲಿಲ್ಲ.

"ಆತು" ಎಂದ ಬಕ್ಕೇಶಪ್ಪ.

ಬೆರಳು ಬಿಚ್ಚಿಕೊಂಡವು. ಅಕ್ಕಿ ಗಡಿಗೆಯೊಳಗೆ ಸುರಿಯಿತು.

"ಕೊಟ್ರೇಶಿ, ಹೊರಗೆ ಬಾ."

ಬಳೆ ಬಿಚ್ಚುವುದನ್ನೂ ಮರೆತು ಹೋಗಿ ಅಪ್ಪನ ಮುಂದೆ ನಿಂತ.

"ಮೊದಲ್ನೇ ಮಾತು ನಿಂದು, ಆಮ್ಯಾಲಿಂದು ಅವಳ್ದು. ಒಂದು ಆಯುಷ್ಯ ಕೇಳೀನಿ, ಅಷ್ಟೂ ಗೊತ್ತಾಗಲ್ಲೇನು? ಬೆಳಿಗ್ಗೆ ಹೇಳಿದ್ಲು. ಮಧ್ಯಾಹ್ನ ಅವ್ನು ನನ್ನ ದನಿ ಉಟ್ಕಂಡು ಬರ್ತಾನೆ, ಬೈಬ್ಯಾಡ್ರಿ ಅಂತ." ಮುದುಕ ಮಂಜುಗಣ್ಣನ್ನು ಅಡಿಗೆಮನೆಯ ಕಡೆಗೇ ಇಟ್ಟಿದ್ದ. "ಅದಕ್ಕೆ ಬೈಯಾಕತ್ತಿಲ್ಲ."

ಸಂಜೆ ಸಹನಾ ಬಂದಾಗ ಗಡಿಗೆ ಕೆಳಗಿಳಿಸಿದ್ದು ಯಾರೆಂದು ಕೇಳಿದ. ಅವಳು ಗಡಿಗೆ ನೋಡಿದಳು, ಗಂಡನ ಕೈಯಲ್ಲಿದ್ದ ಬಳೆ ನೋಡಿದಳು. "ನಾನಂತೂ ಅಟ್ಟ ಹತ್ತಿಲ್ಲ" ಎಂದಷ್ಟೇ ಹೇಳಿ ದೀಪ ಹಚ್ಚಿದಳು. ಶನಿವಾರ ಯೋಗರಾಜನ ಫೋನು ಬಂದಾಗ ಕೊಟ್ಟೂರೇಶ "ನಮ್ಮನೇಲಿ ಒಪ್ಪಲಿಲ್ಲ" ಎಂದ. ಮನೆಯಲ್ಲಿ ಯಾರು ಎಂದು ಯೋಗರಾಜ್ ಕೇಳುವಷ್ಟರಲ್ಲಿ ಫೋನು ಇಟ್ಟುಬಿಟ್ಟ.

ಫೀಜು ಕಟ್ಟಿಯಾಯಿತು. ಮುಂದೊಂದು ಮದುವೆಯಲ್ಲಿ ಪಂಕ್ತಿಯವರು ಎಂದಿನಂತೆ ಕೂಗಿದರು: "ಕೊಟ್ರೇಶಣ್ಣ, ನಿಮ್ಮವ್ವಂದು ಒಂದು ಆಗ್ಲಿ." ಅವನು ಹೆಗಲು ಕುಗ್ಗಿಸಿದ, ಕೆಮ್ಮಿದ, ಬಾಯಿ ತೆರೆದ. ಬರೀ ಗಾಳಿ ಬಂತು. ಕಂಡಕ್ಟರು ಇದ್ದ, ದಲಾಲಿ ಇದ್ದ, ಮೂಗಿನ ಮೇಷ್ಟ್ರೂ ಇದ್ದರು. ಆ ಒಂದು ಮೂಲೆ ಮಾತ್ರ ಗುಡಿಸಿ ಹಾಕಿದಂತೆ ಖಾಲಿ. ನಗೆಗೊಂದು, ಚಪ್ಪಾಳೆಗೊಂದು ಎಂದು ಅವ್ವನ ದನಿಯನ್ನು ವರ್ಷಪೂರ್ತಿ ಸುರಿದಿದ್ದ, ಒಂದು ಹಿಡಿಯೂ ತನಗೆಂದು ತೆಗೆದಿಟ್ಟಿರಲಿಲ್ಲ.

ಈಗ ಅಂಗಡಿಯ ಗಲ್ಲಾ ತೆರೆದರೆ ಮೊದಲು ಹಿಡಿ, ಆಮೇಲೆ ಮಿಕ್ಕದ್ದು. ತಿಂಗಳಿಗೊಮ್ಮೆ ಅದನ್ನು ಬ್ಯಾಂಕಿಗೆ ಒಯ್ಯುತ್ತಾನೆ. ಸಂಜೆ ಅಪ್ಪನ ಮಂಚದ ಪಕ್ಕ ಕೂತು ಮಾತು ಕೇಳುತ್ತಾನೆ. ಅಪ್ಪನ ಪ್ರಶ್ನೆ ಕೇಳಿಸುತ್ತದೆ, ಉತ್ತರ ಕೇಳಿಸುವುದಿಲ್ಲ. ಅಪ್ಪ ತಲೆ ಆಡಿಸುತ್ತಾನೆ, ಒಮ್ಮೊಮ್ಮೆ ನಗುತ್ತಾನೆ.

ಬೆಳಿಗ್ಗೆ ಅಕ್ಕಿ ಅಳೆಯುವ ಕೆಲಸ ಕೊಟ್ಟೂರೇಶನದೇ. ಸಹನಾ ಬಿಟ್ಟುಕೊಟ್ಟಿದ್ದಾಳೆ. ಲೋಟದಿಂದ ಒಂದು ಹಿಡಿ ತೆಗೆದು ಗಡಿಗೆಯೊಳಗೆ ಕೈ ಇಳಿಬಿಡುತ್ತಾನೆ, ಬಿಡುವ ಮುಂಚೆ ತುಸು ಹೊತ್ತು ಹಾಗೇ ಕಾಯುತ್ತಾನೆ. ಯಾರೂ ಹಿಡಿಯುವುದಿಲ್ಲ. ಆದರೆ ಒಳಗಿನ ಅಕ್ಕಿ ಬೆಚ್ಚಗಿರುತ್ತದೆ, ಯಾರೋ ಈಗಷ್ಟೇ ಕೈ ತೆಗೆದ ಹಾಗೆ.