ಬಾಯಿ ಕಾಣುವಷ್ಟು

ಪರದೆಯ ಮೇಲೆ ಇಂದುಜಾಳ ಬಾಯಿ ಅರ್ಧ ತೆರೆದಲ್ಲಿಗೇ ನಿಂತುಬಿಟ್ಟಿತು. ಮಾತು ಮಾತ್ರ ಸ್ಪೀಕರಿನಿಂದ ಬರುತ್ತಲೇ ಇತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ಚಿನ್ನಮ್ಮಾಳ್‌ಗೆ ಅದರಿಂದ ಪ್ರಯೋಜನವಿರಲಿಲ್ಲ. ಜ್ವರದಲ್ಲಿ ಕಿವಿ ಹೋದ ಮೇಲೆ ಆಕೆ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಮನೆಯ ಕನ್ನಡವಾದರೆ ಸಲೀಸು, ಊರಿನ ತಮಿಳಾದರೆ ಅರ್ಧಂಬರ್ಧ. ಫೋನಿನ ಸಣ್ಣ ಪರದೆ ಕಣ್ಣಿಗೆ ಹಿಡಿಯುತ್ತಿರಲಿಲ್ಲವಾದ್ದರಿಂದ, ಮಗ ಜೆಯಕುಮಾರ್ ದ್ರಾಕ್ಷಿ ವ್ಯಾಪಾರದ ಲೆಕ್ಕಕ್ಕೆಂದು ತಂದಿಟ್ಟಿದ್ದ ಹಳೆಯ ಕಂಪ್ಯೂಟರೇ ಗತಿ.

"ಏನಂದ್ಳು?" ಎಂದು ಮಗನ ಕಡೆ ತಿರುಗಿದಳು.

ಜೆಯಕುಮಾರ್ ಕ್ಯಾಮೆರಾಕ್ಕೆ ಬೆನ್ನು ಹಾಕಿ ಸದ್ದಿಲ್ಲದೆ ತುಟಿಯಾಡಿಸಿದ: ಸೀಸನ್ ಮುಗೀಲಿ, ಗಂಡನ್ ಮನೆಗೆ ಹೋಯ್ತೀನಿ ಅಂತಾಳೆ.

ತಂಗಿ ಹೇಳಿದ್ದು ಅದಲ್ಲ. "ಅವ್ವಂಗೆ ಹೇಳ್ದ್ಯಾ ಅಣ್ಣಾ, ಇಲ್ವಾ?" ಎಂದು ಕೇಳಿದ್ದಳು.

ಅವಳು ಗಂಡನ ಮನೆ ಬಿಟ್ಟು ಕೊಡೈಕಾನಲ್ಲಿನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ್ದು ಪ್ರವಾಸಿಗರ ಸೀಸನ್ನಿಗೆಂದಲ್ಲ, ಮತ್ತೆ ಆ ಮನೆ ಮೆಟ್ಟಿಲು ಹತ್ತುವುದಿಲ್ಲವೆಂದೇ. ಗಂಡ ಗಣೇಶನ್ ಅವ್ವನ ಸ್ವಂತ ತಮ್ಮನ ಮಗ. ಅವ್ವನೇ ಮಾರ್ಕಯನ್‌ಕೋಟ್ಟೈಗೆ ಹೋಗಿ ತಮ್ಮನ ಜಗಲಿಯಲ್ಲಿ ಕೂತು ಗಟ್ಟಿಮಾಡಿಕೊಂಡು ಬಂದ ಸಂಬಂಧ. ನಿಜ ಹೇಳಿದರೆ ಅಕ್ಕ ತಮ್ಮಂದಿರ ನಡುವೆ ಏನಾದೀತೋ ಎಂದು ಜೆಯಕುಮಾರ್ ಇವತ್ತು, ನಾಳೆ ಎನ್ನುತ್ತಾ ಬಂದಿದ್ದ. ಚಿತ್ರ ನಿಂತು ನಿಂತು ಬರುವುದು ಅವನಿಗೆ ಅನುಕೂಲವೇ ಆಗಿತ್ತು. ನೆಟ್ ಸರಿಯಿಲ್ಲ ಎಂದರೆ ಮುಗಿಯಿತು.

ಆದರೆ ಕೇಬಲ್ಲಿನ ಪಾಂಡಿ ಮೊನ್ನೆ ಬಂದವನು ಲೈನು ನೋಡಿ, "ನೆಟ್ಟಿಗೇನೂ ಆಗಿಲ್ಲ. ಮೆಷಿನ್ನಿಗೆ ವಯಸ್ಸಾಗಿದೆ. ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ," ಎಂದುಬಿಟ್ಟ. ತಮಿಳಾಡುವ ಅವನ ತುಟಿಯಿಂದ ಅವ್ವ 'ಕಾರ್ಡ್' ಎಂಬ ಒಂದೇ ಪದವನ್ನು ಹಿಡಿದುಕೊಂಡಿದ್ದಳು. ಅಂದಿನಿಂದ ಕೂತರೆ ನಿಂತರೆ ಅದೇ.

"ಅದ್ಯಾವ್ದೋ ಕಾರ್ಡ್ ಹಾಕ್ಸಯ್ಯಾ. ನಂಗೆ ಅವ್ಳ ಬಾಯಿ ಕಾಣ್ಬೇಕು," ಎಂದು ಇವತ್ತೂ ಹೇಳಿದಳು.

ಮರುದಿನ ತೇನಿ ಪೇಟೆಗೆ ಹೋಗುವ ಬಸ್ಸಿನಲ್ಲಿ ಜೆಯಕುಮಾರ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ಎಳೆದ, ಮತ್ತೆ ಸರಿಸಿದ. ಫೋನ್ ತೆಗೆದು ನೋಡಿ ಜೇಬಿಗಿಟ್ಟ, ಮತ್ತೆ ತೆಗೆದ.

ಕಂಪ್ಯೂಟರ್ ಅಂಗಡಿಯ ದುರೈ ತಮಿಳಿನಲ್ಲಿ ಕೇಳಿದ: "ಗೇಮ್ ಆಡೋಕಾ ಅಣ್ಣೇ?"

"ಇಲ್ಲ."

"ವೀಡಿಯೊ ಎಡಿಟಿಂಗ್?"

"ಅದೂ ಇಲ್ಲ. ಮಾತಾಡೋರ ಮುಖ ಕಾಣಬೇಕು, ಅಷ್ಟೇ."

ದುರೈ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟ. ಫೋನಿನಲ್ಲಿದ್ದ ಮೆಷಿನ್ನಿನ ಫೋಟೋ ನೋಡಿ, ನಿಮ್ಮ ಸಣ್ಣ ಪೆಟ್ಟಿಗೆಯೊಳಗೆ ಎರಡೂ ಕೂರುತ್ತವೆ, ಬೇರೆ ಕರೆಂಟಿನ ವೈರೂ ಬೇಡ ಎಂದ. ಅಗ್ಗದ್ದು ಪರದೆಗೆ ಚಿತ್ರ ಕೊಡುತ್ತದೆ, ಅಷ್ಟೇ. ವೀಡಿಯೊದ ಹೊರೆ ಮೊದಲಿನಂತೆ ಮೆಷಿನ್ನಿನ ತಲೆಯ ಮೇಲೆಯೇ. ಇನ್ನೊಂದು ಆ ಹೊರೆಯನ್ನು ತಾನೇ ಹೊರುತ್ತದೆ. "ಇದರಲ್ಲಿ ಫ್ಯಾನೂ ಇಲ್ಲ ಅಣ್ಣೇ, ಸದ್ದೇ ಬರಲ್ಲ," ಎಂದು ಹೆಮ್ಮೆಯಿಂದ ತೋರಿಸಿದ. ಸದ್ದಿನ ಮಾತಿಗೆ ಜೆಯಕುಮಾರ್‌ಗೆ ನಗು ಬರುವಂತಾಗಿ, ಬರಲಿಲ್ಲ.

"ಅಗ್ಗದ್ದೇ ಕೊಡು," ಎಂದ.

"ಮುಖ ನೋಡೋಕೆ ಅಂದ್ರಲ್ಲ?"

"ಸಾಕು, ಕೊಡು."

ಎದುರಿನ ಟೀ ಅಂಗಡಿಯಲ್ಲಿ ನಿಂತ. ಇದನ್ನು ಹಾಕುವುದು. ಚಿತ್ರ ಹಾಗೇ ನಿಲ್ಲುತ್ತದೆ. ಆಗ ಹೇಳುವುದು: ಹೊಸ್ದು ಹಾಕುದ್ರೂ ಅಷ್ಟೇ ಅವ್ವಾ, ನಾನೇನ್ ಮಾಡ್ಲಿ? ಯಾರು ತಾನೇ ಕೇಳುತ್ತಾರೆ? ಬೆಂಚಿನ ಮೇಲಿದ್ದ ಮುದುಕನೊಬ್ಬ ತನ್ನ ಮುಖವನ್ನೇ ದಿಟ್ಟಿಸುತ್ತಿರುವುದು ಆಮೇಲೆ ಕಂಡಿತು. ಅಷ್ಟು ಹೊತ್ತೂ ಜೆಯಕುಮಾರ್‌ನ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು, ಅವ್ವನ ಮುಂದೆ ಆಡುವ ಹಾಗೆಯೇ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ. ಬಾಯಿ ಒರೆಸಿಕೊಂಡ. ಕುಡಿಯುತ್ತಿದ್ದ ಟೀಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದ.

ದುರೈ ಅಗ್ಗದ್ದನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಡಬ್ಬಿ ಕೊಟ್ಟ. "ಮಾನಿಟರ್ ಹಳೇದಾದ್ರೆ ಅದರ ನೀಲಿ ಪಿನ್ನು ಇದಕ್ಕೆ ಕೂರಲ್ಲ," ಎಂದು ನಡುವೆ ಸಿಕ್ಕಿಸುವ ಒಂದು ಸಣ್ಣ ತುಂಡನ್ನೂ ಕೈಗಿತ್ತ.

ಸಂಜೆ, ಇಂದುಜಾಳ ಬಿಡುವಿನ ಹೊತ್ತಿಗೆ ಕಾರ್ಡ್ ಕೂರಿಸಿಯಾಗಿತ್ತು. ಅವ್ವ ಆಗಲೇ ತಲೆ ಬಾಚಿ ಕುರ್ಚಿ ಹಿಡಿದಿದ್ದಳು. ಪರದೆಯಲ್ಲಿ ಇಂದುಜಾ ಬಂದಳು. ನಕ್ಕಳು. ನಗು ಶುರುವಾಗಿ, ಅರಳಿ, ಮುಗಿಯಿತು; ನಡುವೆ ಎಲ್ಲೂ ನಿಲ್ಲಲಿಲ್ಲ.

"ಅವ್ವಾ, ಕಾಣ್ತೀನಾ?"

"ಕಾಣ್ತೀಯೆ. ಮೂಗ್ಬಟ್ಟು ಎಲ್ಲೇ?" ಅವ್ವನ ದನಿ ಬೀದಿಗೆ ಕೇಳುವಷ್ಟು ಜೋರಾಗಿತ್ತು.

ಇಂದುಜಾ ಬರಿ ಮೂಗನ್ನು ಮುಟ್ಟಿಕೊಂಡಳು. ಮದುವೆಗೆ ಮುಂಚೆ ಅವಳು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರಿಸುತ್ತಿದ್ದವಳು. ಈಗ ಒಂದೊಂದೇ ಪದ ಹುಡುಕಿ, ಬಾಯಿ ಅಗಲಿಸಿ ಹೇಳಿದಳು.

"ಅವ್ವಾ, ನಾ ಇನ್ ಮಾಮನ್ ಮನೆಗೆ ಹೋಗಕಿಲ್ಲ."

ಜೆಯಕುಮಾರ್ ರೂಢಿಯಂತೆ ಅವ್ವನ ಕಡೆ ತಿರುಗಿ ಬಾಯಿ ತೆರೆದ. ಅವ್ವ ಅಂಗೈಯಿಂದ ಅವನ ಕೆನ್ನೆಯನ್ನು ಪಕ್ಕಕ್ಕೆ ತಳ್ಳಿದಳು.

"ನೀ ಅತ್ತ ತಳ್ಳಿ ನಿಲ್ಲು. ಇನ್ನೊಂದ್ ಕಿತ ಹೇಳ್ ಕಣ್ಣೂ."

ಇಂದುಜಾ ಮತ್ತೆ ಹೇಳಿದಳು.

"ಸೀಸನ್ ಮುಗುದ್ರೆ ಹೋಯ್ತಾಳೆ ಅಂದ್ನಲ್ಲ ಇವ್ನು?"

ಪರದೆಯಿಂದ ಇಂದುಜಾಳ ಕಣ್ಣು ಅಣ್ಣನ ಮೇಲೆ ಬಂತು. ಜೆಯಕುಮಾರ್‌ಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಬೈಗುಳಕ್ಕೆ ಕಾದ. ಅವ್ವ ಅವನನ್ನು ನೋಡಲೇ ಇಲ್ಲ. ಮಾರ್ಕಯನ್‌ಕೋಟ್ಟೈಯ ತಮ್ಮನ ಹೆಸರನ್ನೂ ಎತ್ತಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, "ಯಾಕೆ?" ಎಂದಳು. "ನಿಧಾನ್ವಾಗ್ ಹೇಳು. ಎಲ್ಲಾ ಹೇಳು."

ಜೆಯಕುಮಾರ್ ಹಿಂದೆ ಸರಿಯುತ್ತಾ ಬಾಗಿಲವರೆಗೆ ಹೋದ.

ಬೆಟ್ಟದ ಮೇಲೆ ಮಂಜು ಇಳಿಯುತ್ತಿತ್ತೇನೋ, ಇಂದುಜಾಳ ಹಿಂದಿನ ಕಿಟಕಿ ಬೆಳ್ಳಗಾಗಿ, ಅವಳ ಮುಖ ಕಪ್ಪಿಡತೊಡಗಿತು. ಅವ್ವ ಪರದೆಗೆ ಇನ್ನಷ್ಟು ಬಾಗಿದಳು. ಇಂದುಜಾ ಎದ್ದುಹೋದಳು. ಖಾಲಿ ಕುರ್ಚಿ ಕಂಡಿತು. ಎಲ್ಲೋ ಸ್ವಿಚ್ಚು ಒತ್ತಿದ ಸದ್ದಾಯಿತು. ಮರಳಿ ಬಂದವಳು ಕುರ್ಚಿಯನ್ನು ದೀಪದ ಅಡಿಗೆ ಎಳೆದುಕೊಂಡು ಕೂತು, ಬಾಯಿಗೆ ಅಡ್ಡಬಂದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.