ಬಲಗಾಲಿನ ಕೆಂಪು ಬೊಟ್ಟು

ಬಾಗಿಲ ಹೊರಗಿನ ಚಪ್ಪಲಿಗಳ ರಾಶಿಯನ್ನು ಮಗಳು ಕಾಲಿನಿಂದಲೇ ಸರಿಸಿ ಸರಿಸಿ ಹುಡುಕುತ್ತಿದ್ದಳು. ಬಗ್ಗಿ ಹುಡುಕಿದರೆ ಯಾರಾದರೂ ಏನೆಂದು ಕೇಳುತ್ತಾರೆ. ಅಪ್ಪನ ಬೂಟು ಅಲ್ಲಿರಲಿಲ್ಲ. ಅಲ್ಲಿ ಇರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಬೆಳಗಿನಿಂದ ಹೀಗೆ ಬಂದು ನೋಡುವುದು ನಿಂತಿರಲಿಲ್ಲ.

ಒಳಗೆ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೀದಿಯವರಿಗೆಲ್ಲ ಅವನು ಕ್ರಾಪಣ್ಣ. ಬಸ್ ನಿಲ್ದಾಣದ ಪಕ್ಕದ ಕ್ಷೌರದಂಗಡಿಯಲ್ಲಿ ಆಯುಷ್ಯವನ್ನೆಲ್ಲ ನಿಂತೇ ಕಳೆದವನು. ಬಂದವರು ಅವನ ಮುಖ ನೋಡಿ, ಆಮೇಲೆ ತಮಗರಿವಿಲ್ಲದೆ ತಮ್ಮ ತಲೆ ಸವರಿಕೊಳ್ಳುತ್ತಿದ್ದರು. ಇನ್ನು ಮೇಲೆ ಈ ತಲೆಯನ್ನು ಯಾರ ಕೈಗೆ ಕೊಡುವುದು ಎಂದು ನಿವೃತ್ತ ಪೋಸ್ಟ್‌ಮ್ಯಾನ್ ನಿಟ್ಟುಸಿರು ಬಿಟ್ಟರೆ, ಪಕ್ಕದ ಕುರ್ಚಿಯವನು ಅವರ ಬೋಳುತಲೆ ನೋಡಿ, "ನಿಂದು ಒರೆಸಿ ಕಳಿಸ್ತಿದ್ದ ಅಷ್ಟೆ" ಎಂದ. ಇಬ್ಬರೂ ನಕ್ಕು, ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಸೋದರತ್ತೆಗೆ ಮಾತ್ರ ನಗು ಬರಲಿಲ್ಲ. ಬಂದವರಿಗೆಲ್ಲ ಅವಳದು ಒಂದೇ ವರದಿ. ತಮ್ಮನನ್ನು ಬೀಳಿಸಿದ್ದು ಆ ದಪ್ಪ ಬೂಟು. ಜೀವಮಾನವೆಲ್ಲ ಹವಾಯಿ ಚಪ್ಪಲಿಯಲ್ಲಿ ಓಡಾಡಿದವನಿಗೆ ಅದನ್ನು ಯಾಕೆ ತಗುಲಿಸಬೇಕಿತ್ತು? ಅಂಗಡಿಯ ಮೆಟ್ಟಿಲ ಹತ್ತಿರ ಬಿದ್ದ, ತಲೆಗೆ ಪೆಟ್ಟಾಯಿತು, ಆಸ್ಪತ್ರೆಯಲ್ಲಿ ಕಣ್ಣು ಬಿಡಲೇ ಇಲ್ಲ. ಬಿದ್ದದ್ದರಿಂದ ಹೀಗಾಯಿತೋ, ಏನೋ ಆಗಿಯೇ ಬಿದ್ದರೋ ಹೇಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಅದರಲ್ಲಿ ಮೊದಲರ್ಧವನ್ನಷ್ಟೇ ಇಟ್ಟುಕೊಂಡಿದ್ದಳು. ಮಗಳೂ ಅಷ್ಟೆ.

ಅಂಗಡಿಯ ಪಾಲುದಾರ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿದ್ದ. ಅವಳು ಅವನ ಹತ್ತಿರ ಹೋದಳು.

"ಚಿಕ್ಕಪ್ಪ, ಅಪ್ಪನ ಬೂಟು ಎಲ್ಲಿ?"

ಅವನು ಅವಳ ಮುಖ ನೋಡಲಿಲ್ಲ. ಆಂಬುಲೆನ್ಸ್ ಬರುವ ಮೊದಲು ತಾನೇ ಬಿಚ್ಚಿದ್ದು, ಅಂಗಡಿಯಲ್ಲೇ ಇದೆ, ಆಮೇಲೆ ತಂದುಕೊಡುತ್ತೇನೆ ಎಂದ. ಅತ್ತೆಯ ಕಿವಿ ಅಲ್ಲೇ ಇತ್ತು.

"ಈಗ್ಲೇ ತಗೊಂಬಾ. ಅವನ ಜೊತೆಗೇ ಹೋಗ್ಲಿ. ಅದು ಈ ಮನೇಲಿ ಇರೋದು ಬೇಡ."

ಮಗಳ ಎದೆ ಹಗುರಾಯಿತು. ಬೂಟು ಸ್ಮಶಾನದ ವ್ಯಾನಿನಲ್ಲಿ ಹೋಗಿಬಿಟ್ಟರೆ ಅದರೊಳಗೆ ಇನ್ನು ಯಾರೂ ಕೈ ಹಾಕುವುದಿಲ್ಲ. ಹಗುರಾದದ್ದು ತಿಳಿದ ಮರುಗಳಿಗೆ ಇನ್ನೊಂದು ಹೊಳೆಯಿತು. ಹಾಗಾದರೆ ತನಗೂ ಎಂದಿಗೂ ತಿಳಿಯುವುದಿಲ್ಲ.

*

ಹೆದರಿಕೆ ಶುರುವಾದದ್ದು ನೆಲದ ಮೇಲಿನ ಗುರುತುಗಳಿಂದ. ಒಂದು ಸಂಜೆ ಅಪ್ಪ ಅಂಗಡಿಯಿಂದ ಬಂದು, ಹಾಡು ಗುನುಗುತ್ತಾ ಅಡುಗೆಮನೆಗೆ ಹೋಗಿ ನೀರು ಕುಡಿದ. ಅವನು ನಡೆದ ದಾರಿಯುದ್ದಕ್ಕೂ ಬಲಗಾಲಿನ ಗುರುತು ಕೆಂಪಾಗಿ ಮೂಡಿತ್ತು. ಮುರಿದ ಬಾಚಣಿಗೆಯ ಹಲ್ಲೊಂದು ಚಪ್ಪಲಿಯಲ್ಲಿ ಸೇರಿ ಹೆಬ್ಬೆರಳ ಕೆಳಗೆ ಹೊಕ್ಕಿತ್ತು. ಬೆಳಗಿನಿಂದ ಅದರ ಮೇಲೆಯೇ ನಿಂತಿದ್ದನಂತೆ. "ನೋವೇ ಆಗ್ಲಿಲ್ವಲ್ಲೇ" ಎಂದು ಅವಳನ್ನೇ ಕೇಳಿದ. ದೊಡ್ಡಪ್ಪನ ಕಾಲು ತೆಗೆಯುವ ಮೊದಲು ಅವನೂ ಹೀಗೇ ಅಂದಿದ್ದು ಇಬ್ಬರಿಗೂ ನೆನಪಿತ್ತು.

ಗಾಯ ಕಟ್ಟಿದ ಆಸ್ಪತ್ರೆಯವರು, ಶುಗರಿನಿಂದ ಕಾಲಿನ ನರ ಸತ್ತಿದೆ, ಪಾದದ ಕ್ಲಿನಿಕ್ಕಿಗೆ ಹೋಗಿ ಎಂದರು. ಅಲ್ಲಿನ ಮೇಡಂ ಅಪ್ಪನ ಕಣ್ಣು ಮುಚ್ಚಿಸಿ, ಅಂಗಾಲಿಗೆ ನೈಲಾನ್ ಎಳೆಯೊಂದನ್ನು ಒತ್ತುತ್ತಾ ಹೋದರು. ಮುಟ್ಟಿದಾಗ ಹೂಂ ಅನ್ನಬೇಕು. ಎಳೆ ಬಾಗುವಷ್ಟು ಒತ್ತಿದಾಗಲೂ ಅಪ್ಪ ಸುಮ್ಮನಿದ್ದ. ಕೊಠಡಿಯ ಮೌನ ತುಂಬ ಹೊತ್ತಾಯಿತು ಅನ್ನಿಸಿರಬೇಕು, "ಹೂಂ" ಎಂದ. ಮೇಡಂ ಕೈ ಗಾಳಿಯಲ್ಲಿತ್ತು. ಅವರು ಮಗಳ ಕಡೆ ನೋಡಿದರು. ಅಪ್ಪ ಮುಚ್ಚಿದ ಕಣ್ಣಲ್ಲೇ ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೂಂಗುಟ್ಟಿದ.

ಒತ್ತಿದರೆ ತಗ್ಗು ಹಾಗೇ ಉಳಿಯುವ ಸ್ಪಂಜು ತುಂಬಿದ ಪೆಟ್ಟಿಗೆಯಲ್ಲಿ ಪಾದ ಒತ್ತಿಸಿ ಅಚ್ಚು ತೆಗೆದರು. ಹವಾಯಿ ಚಪ್ಪಲಿಯ ಬದಲು ದಪ್ಪ ಬೂಟು, ಆ ಅಚ್ಚಿನಿಂದ ಅದರೊಳಗೆ ಹಾಕುವ ಮೆತ್ತೆಗಳು ತಯಾರಾಗಿ ಬಂದವು. ಅಪ್ಪನ ಪಾದ ಎರಡೂ ಚಪ್ಪಟೆ, ಎರಡೂ ಅಗಲ. ಹಾಗಾಗಿ ಮೆತ್ತೆಗಳೂ ಅವಳಿ ಮಕ್ಕಳಂತೆ ಇದ್ದವು. ಬಲಗಾಲಿನದರಲ್ಲಿ ಮಾತ್ರ ಹಳೆಯ ಗಾಯದ ಜಾಗಕ್ಕೆ ಭಾರ ಬೀಳದಂತೆ ಸಣ್ಣ ತಗ್ಗು. ಗೊಂದಲವಾಗದಿರಲಿ ಎಂದು ಮೇಡಂ ಅದರ ಹಿಮ್ಮಡಿಯ ಅಡಿಗೆ ಕೆಂಪು ಬೊಟ್ಟು ಅಂಟಿಸಿದರು.

"ಕಾಲು ಇನ್ಮೇಲೆ ನಿಮಗೇನೂ ಹೇಳಲ್ಲ. ಕೈಯಿಂದ ಕೇಳ್ಬೇಕು. ದಿನಾ ಬೂಟಿನೊಳಗೆ ಕೈ ಹಾಕಿ ನೋಡಿ ಆಮೇಲೆ ಹಾಕ್ಕೊಳ್ಳಿ. ಸಂಜೆ ಅಂಗಾಲು ನೋಡ್ಕೊಳ್ಳಿ."

"ಅಂಗಾಲು ಹೇಗೆ ನೋಡ್ಲಿ ಮೇಡಂ? ಬಗ್ಗಿದ್ರೆ ಹೊಟ್ಟೆ ಅಡ್ಡ ಬರತ್ತೆ."

ಉಪಾಯವನ್ನು ಅವನೇ ಕಂಡುಕೊಂಡ. ಗಿರಾಕಿಗಳಿಗೆ ತಲೆಯ ಹಿಂಭಾಗ ತೋರಿಸಲು ಹಿಡಿಯುತ್ತಿದ್ದ ಹಳೆಯ ಕೈಗನ್ನಡಿ ಮನೆಗೆ ಬಂತು. ಪ್ರತಿ ಸಂಜೆ ಅವನು ಕಾಲು ಚಾಚುತ್ತಿದ್ದ, ಅವಳು ಹಿಡಿಯುತ್ತಿದ್ದಳು. ಅವನು ನೋಡಿ ತಲೆಯಾಡಿಸುವವರೆಗೆ ಇಳಿಸುವಂತಿರಲಿಲ್ಲ.

*

ಆ ದಿನ ಬೆಳಿಗ್ಗೆ ಕರೆಂಟಿರಲಿಲ್ಲ. ಹಿಂದಿನ ದಿನ ತೊಳೆದು ಒಣಗಿಸಿದ್ದ ಮೆತ್ತೆಗಳನ್ನು ಅವಳು ಅರೆಗತ್ತಲಲ್ಲೇ ಬೂಟಿಗೆ ಸೇರಿಸಿ ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಅಪ್ಪ ಹೊರಟಾಗಿತ್ತು. ಕೆಲಸಕ್ಕೆ ಹೊರಡುವಾಗ ಬಚ್ಚಲ ಬಕೆಟ್ಟಿನ ಅಂಚಿಗೆ ಏನೋ ಅಂಟಿಕೊಂಡದ್ದು ಕಂಡಿತು. ಕೆಂಪು ಬೊಟ್ಟು.

ಯಾವುದು ಯಾವುದಕ್ಕೆ ಹಾಕಿದೆ? ಎಷ್ಟು ನೆನೆದರೂ ಕೈಗೆ ನೆನಪಿರಲಿಲ್ಲ. ಅಂಗಡಿಗೆ ಫೋನ್ ಮಾಡಿ, ರಿಂಗಾಗುವ ಮೊದಲೇ ಕತ್ತರಿಸಿದಳು. ಹೇಳಿದರೆ ಅಪ್ಪ ಹೆದರಿ ಗಿರಾಕಿಯನ್ನು ಅರ್ಧ ಕ್ಷೌರದಲ್ಲೇ ಬಿಟ್ಟು ಬೂಟು ಬಿಚ್ಚುತ್ತಾನೆ. ಸಂಜೆ ನೋಡಿದರಾಯಿತು.

ಮಧ್ಯಾಹ್ನವೇ ಪಾಲುದಾರನ ಫೋನ್ ಬಂತು.

*

ಪಾಲುದಾರ ಬಟ್ಟೆಚೀಲ ಹಿಡಿದು ಬಂದ. ಅದೇ ಹೊತ್ತಿಗೆ ಕ್ಲಿನಿಕ್ಕಿನ ಮೇಡಂ ಕೂಡ ಬಂದು, ಅಭ್ಯಾಸಬಲದಿಂದ ಮೊದಲು ಅಪ್ಪನ ಪಾದದ ಕಡೆ ನೋಡಿ, ಆಮೇಲೆ ಮುಖ ನೋಡಿದರು. ವ್ಯಾನು ಹೊರಗೆ ನಿಂತಿತ್ತು. ಅತ್ತೆ ಚೀಲಕ್ಕೆ ಕೈ ಚಾಚಿದಳು. ಮಗಳು ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಮೇಡಂ ಹಿಂದೆಯೇ ಬಂದರು.

ಅವಳು ಎಲ್ಲವನ್ನೂ ಹೇಳಿದಳು. ಬಕೆಟ್ಟು, ಬೊಟ್ಟು, ಕತ್ತರಿಸಿದ ಫೋನ್.

"ಅದಲು ಬದಲಾಗಿದ್ರೆ ಬೀಳ್ತಾರಾ ಮೇಡಂ?"

ಮೇಡಂ ಚೀಲದ ಕಡೆ ನೋಡಿದರು. "ಬೀಳಬಹುದು" ಎಂದರು.

ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದ ಅವಳು ಚೀಲವನ್ನು ಒಲೆಯ ಕಟ್ಟೆಯ ಮೇಲಿಟ್ಟು ಬೂಟು ಹೊರತೆಗೆದಳು. ಆಮೇಲೆ ಬಲಗಾಲಿನ ಬೂಟಿನೊಳಗೆ, ಅಪ್ಪ ದಿನಾ ಹಾಕುತ್ತಿದ್ದಂತೆ, ತುದಿಯವರೆಗೆ ಕೈ ಹಾಕಿದಳು. ಒಳಗೆ ತಣ್ಣಗಿತ್ತು. ಮೆತ್ತೆಯನ್ನು ಎಳೆದು ತಿರುಗಿಸಿದಳು.

ಹಿಮ್ಮಡಿಯ ಅಡಿಯಲ್ಲಿ, ಬೊಟ್ಟು ಇದ್ದ ಜಾಗದಲ್ಲಿ, ಗಾಯಕ್ಕೆ ಹಾಕುವ ಪ್ಲಾಸ್ಟರಿನ ಚೂರೊಂದು ಅಂಟಿತ್ತು. ಕತ್ತರಿಯಿಂದ ನಾಣ್ಯದ ಹಾಗೆ ದುಂಡಗೆ ಕತ್ತರಿಸಿದ್ದು. ಅದರ ಅಂಟಿನ ಅಂಚಿಗೆ ಅಂಗಡಿಯ ಚಿಕ್ಕ ಚಿಕ್ಕ ಕೂದಲು ಹಿಡಿದುಕೊಂಡಿದ್ದವು, ಕಪ್ಪು, ಬಿಳಿ.

ಮೇಡಂ ಹೆಬ್ಬೆರಳಿನಿಂದ ತಗ್ಗನ್ನು ಹುಡುಕಿ ಹಿಡಿದರು. "ಇದು ಬಲದ್ದೇ. ಅದರ ಜಾಗದಲ್ಲೇ ಇದೆ."

ಬಾಗಿಲಲ್ಲಿ ಪಾಲುದಾರ ನಿಂತಿದ್ದ. ಅವನ ಕಣ್ಣು ಪ್ಲಾಸ್ಟರಿನ ಚೂರಿನ ಮೇಲೆ ನೆಟ್ಟಿತ್ತು. ಬಿದ್ದ ದಿನ ಬೆಳಿಗ್ಗೆ ಅಂಗಡಿಗೆ ಬಂದ ಕೂಡಲೇ ಅಣ್ಣ ಮೂಲೆಯಲ್ಲಿ ಕೂತು ಬೂಟು ಎರಡೂ ಬಿಚ್ಚಿದರು, ಒಳಗೆ ಕೈಹಾಕಿ ಏನೋ ತೆಗೆದು ಹಾಕಿ ಮಾಡಿದರು, ಪ್ಲಾಸ್ಟರ್ ಕೇಳಿದರು ಎಂದ.

"ಗಾಯ ಆಗಿದ್ಯಾ ಅಣ್ಣ ಅಂದೆ. ಇಲ್ಲ ಅಂದ್ರು. ಮನೇಲಿ ಹೇಳ್ಬೇಡ, ಅವಳು ಹೆದರ್ತಾಳೆ ಅಂದ್ರು. ನಾನು ಗಾಯಾನೇ ಮುಚ್ಚಿಡ್ತಿದಾರೆ ಅಂದ್ಕೊಂಡೆ ಕಣಮ್ಮ. ಆಸ್ಪತ್ರೇಲೂ ಬಾಯಿ ಬಿಡ್ಲಿಲ್ಲ. ಆ ಗಾಯದಿಂದ್ಲೇ ಏನಾದ್ರೂ..."

"ಮೊದ್ಲು ಅದಲು ಬದಲಾಗಿತ್ತಾ ಚಿಕ್ಕಪ್ಪ? ಅಪ್ಪ ಸರಿ ಮಾಡಿದ್ರಾ?"

"ಅದು ನಂಗೊತ್ತಿಲ್ಲ" ಎಂದ. ಅವನ ಕಣ್ಣು ಇನ್ನೂ ಪ್ಲಾಸ್ಟರಿನ ಮೇಲೇ ಇತ್ತು. "ಕಾಲಿಗೂ ಒಂದು ಹಚ್ಕೊಂಡಿರಬಹುದು."

ಹೊರಗಿನಿಂದ ಅತ್ತೆ, ವ್ಯಾನಿನವರು ಕಾಯುತ್ತಿದ್ದಾರೆ ಎಂದು ಕೂಗಿದಳು. ಮಗಳು ಗೋಡೆಯ ಮೊಳೆಯಿಂದ ಕೈಗನ್ನಡಿ ತೆಗೆದುಕೊಂಡಳು.

ನಡುಮನೆಯಲ್ಲಿ ಕೂತಿದ್ದವರು ದಾರಿ ಬಿಟ್ಟರು. ಅವಳು ಅಪ್ಪನ ಕಾಲ ಬಳಿ ಮಂಡಿಯೂರಿ ಬಿಳಿ ಬಟ್ಟೆಯನ್ನು ಕಣಕಾಲಿನವರೆಗೆ ಸರಿಸಿದಳು. ಏನು ನೋಡುತ್ತಿದ್ದೀಯೆ ಎಂದು ಅತ್ತೆ ಕೇಳಿದಳು. ಬೆರಳುಗಳ ಸಂದಿ ಒಂದೊಂದನ್ನೂ ಬಿಡಿಸಿ ನೋಡಿದಳು. ಹೆಬ್ಬೆರಳ ಕೆಳಗೆ ಹಳೆಯ ಕಲೆ, ಒಣಗಿ ಬೆಳ್ಳಗಾಗಿತ್ತು. ಪ್ಲಾಸ್ಟರಿರಲಿಲ್ಲ. ಬೇರೇನೂ ಇರಲಿಲ್ಲ.

ಪಾಲುದಾರ ಅಡುಗೆಮನೆಯ ಬಾಗಿಲು ಬಿಟ್ಟು ಕದಲಿರಲಿಲ್ಲ. ಅವಳು ಕನ್ನಡಿಯನ್ನು ಅಂಗಾಲಿನ ಎದುರು ಹಿಡಿದು ಅವನ ಕಡೆಗೆ ವಾಲಿಸಿದಳು, ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ. ಅವನು ಕಣ್ಣೊರೆಸಿಕೊಂಡು ಬಗ್ಗಿ ನೋಡಿ, ಕುರ್ಚಿಯಲ್ಲಿ ಕೂತ ಗಿರಾಕಿಯಂತೆ ಮೆಲ್ಲಗೆ ತಲೆಯಾಡಿಸುವವರೆಗೂ ಅವಳು ಕನ್ನಡಿ ಇಳಿಸಲಿಲ್ಲ.